ಟರ್ಫ್ ಆಮೇಲೆ, ಮೊದಲು ಕೋಚ್

ಒಂದು ಸಣ್ಣ ಲೆಕ್ಕದಿಂದ ಶುರು ಮಾಡುತ್ತೇನೆ. ಹದಿನಾರು ಕಾಲೇಜುಗಳ ನಾಕೌಟ್ ಟೂರ್ನಿ ಎಂದರೆ ಒಟ್ಟು 15 ಪಂದ್ಯ. ಎಂಟು ತಂಡಗಳು ಒಂದೇ ಪಂದ್ಯ ಆಡಿ ಬ್ಯಾಗು ಹೆಗಲಿಗೇರಿಸುತ್ತವೆ, ಇನ್ನು ನಾಲ್ಕರ ಕಥೆ ಎರಡನೇ ಪಂದ್ಯಕ್ಕೆ ಮುಗಿಯುತ್ತದೆ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಫುಟ್‌ಬಾಲ್ ಬಹುತೇಕ ನಡೆಯುವುದೇ ಹೀಗೆ. ಹುಬ್ಬಳ್ಳಿ–ಧಾರವಾಡ ಸೀಮೆಯ ಒಂದು ಕಾಲೇಜಿನಲ್ಲಿ ಬಿ.ಇ. ಓದುವಾಗ ನಾಲ್ಕು ವರ್ಷವೂ ನಾನು ತಂಡದಲ್ಲಿದ್ದೆ, ಲೆಫ್ಟ್ ಬ್ಯಾಕ್. ಆಡಿದ ಅಧಿಕೃತ ಪಂದ್ಯಗಳು ಐದು. ಗೆದ್ದದ್ದು ಒಂದು, ಅದೂ ಪೆನಾಲ್ಟಿಯಲ್ಲಿ. ಆ ನಾಲ್ಕು ವರ್ಷದಲ್ಲಿ ಬರೆದ ಇಂಟರ್ನಲ್ಸ್ ಎಷ್ಟು ಎಂದು ನೆನೆಸಿಕೊಂಡರೆ ಈ ಐದು ಎಷ್ಟು ಸಣ್ಣ ಸಂಖ್ಯೆ ಎಂಬುದು ಗೊತ್ತಾಗುತ್ತದೆ.

ಈಗ ಆ ಐದೂ ಇಲ್ಲ. ಮೂರು ವರ್ಷದಿಂದ ನಮ್ಮ ಕಾಲೇಜು ಟೂರ್ನಿಗೆ ತಂಡವನ್ನೇ ಕಳಿಸಿಲ್ಲ, ಹನ್ನೊಂದು ಜನ ಕೂಡುವುದಿಲ್ಲವಂತೆ. ಸುದ್ದಿ ಕೇಳಿ ಹಳೆಯ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪು ಎಚ್ಚೆತ್ತಿದೆ. ಪುಣೆ, ಹೈದರಾಬಾದ್, ದುಬೈ, ಡಲ್ಲಾಸ್ ಎಂದು ಚದುರಿದವರೆಲ್ಲ ಸೇರಿ ದುಡ್ಡು ಹಾಕಿ ಕ್ಯಾಂಪಸ್ಸಿನಲ್ಲಿ ಹೊನಲು ಬೆಳಕಿನ ಟರ್ಫ್ ಕಟ್ಟಿಸೋಣ ಎಂಬುದು ಪ್ರಸ್ತಾಪ. ನಾನು ಬೇಡ ಎಂದೆ. ಗುಂಪಿನಲ್ಲಿ ನಾಲ್ಕು ಸಾಲಿನಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಕಾಲೇಜಿನ ಗುಂಪಿನಲ್ಲೂ ಇಂಥದ್ದೇ ಮೆಸೇಜು ಓಡಾಡುತ್ತಿರಬಹುದು.

ನಾನಿರುವುದು ಅಂಬಡ್‌ನಲ್ಲಿ, ನಾಶಿಕ್‌ನ ಕೈಗಾರಿಕಾ ಪ್ರದೇಶ. (ಛತ್ರಪತಿ ಸಂಭಾಜಿನಗರದ ಆಚೆ, ಜಾಲ್ನಾ ಜಿಲ್ಲೆಯಲ್ಲಿ ಇನ್ನೊಂದು ಅಂಬಡ್ ಇದೆ. ಅವ್ವ ಕಳಿಸಿದ ಶೇಂಗಾ ಹೋಳಿಗೆಯ ಪಾರ್ಸೆಲ್ ಒಮ್ಮೆ ಆ ಊರು ನೋಡಿಕೊಂಡು ಬಂದಿತ್ತು.) ಇಲ್ಲಿ ಪಾಥರ್ಡಿ ಫಾಟಾ ಕಡೆ ರಾತ್ರಿ ಹನ್ನೊಂದಕ್ಕೂ ದೀಪ ಉರಿಯುವ ಟರ್ಫ್‌ಗಳಿವೆ. ಗಂಟೆಗಿಷ್ಟು ಎಂದು ಬಾಡಿಗೆ. ಶನಿವಾರ ನಾನೂ ಹೋಗುತ್ತೇನೆ, ಬೆವರು ಹರಿಯುತ್ತದೆ, ಖುಷಿಯೂ ಆಗುತ್ತದೆ. ಆದರೆ ಬಲೆ ಕಟ್ಟಿದ ಆ ಪೆಟ್ಟಿಗೆಯಲ್ಲಿ ಆರು ಮಂದಿ ಆಡುವ ಆಟ ಬೇರೆ, 105 ಮೀಟರ್ ಉದ್ದ, 68 ಮೀಟರ್ ಅಗಲದ ಮೈದಾನದಲ್ಲಿ ತೊಂಬತ್ತು ನಿಮಿಷ ಓಡುವ ಆಟ ಬೇರೆ. ಟರ್ಫ್‌ನ ಆಯಸ್ಸು ಎಂಟು–ಹತ್ತು ವರ್ಷ. ನಿರ್ವಹಣೆಗೆ ದುಡ್ಡು ಬೇಕಾದಾಗ ಕಾಲೇಜು ಅದನ್ನು ಹೊರಗಿನವರಿಗೆ ಬಾಡಿಗೆಗೆ ಬಿಡುತ್ತದೆ, ಹಾಸ್ಟೆಲ್ ಹುಡುಗರು ಬೇಲಿಯಾಚೆ ನಿಂತು ನೋಡುತ್ತಾರೆ. ಹಾಗಾದರೂ ಟರ್ಫ್ ಮೇಲೇ ಎಲ್ಲರಿಗೂ ಯಾಕೆ ಕಣ್ಣು? ಗುಂಪಿನ ಸೀನಿಯರ್ ಒಬ್ಬರು ಫೋನಿನಲ್ಲಿ ನಗುತ್ತ ನಿಜ ಹೇಳಿಬಿಟ್ಟರು: "ಕೋಚ್‌ನ ಮ್ಯಾಲ ನಮ್ಮ ಹೆಸರಿನ ಬೋರ್ಡ್ ಹಚ್ಚಾಕ ಬರೂದಿಲ್ಲಲ್ಲೋ ತಮ್ಮಾ."

ಕರ್ನಾಟಕಕ್ಕೆ ಫುಟ್‌ಬಾಲ್ ಹೊಸದಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಅದೇ ತಂಡದ ಅಹ್ಮದ್ ಖಾನ್ ಕೂಡ ಅಲ್ಲಿಯವರೇ, ಮುಂದೆ ಈಸ್ಟ್ ಬೆಂಗಾಲ್‌ನಲ್ಲಿ ಹೆಸರು ಮಾಡಿದರು. ಮೈಸೂರು ಎಂಬ ಹೆಸರಿದ್ದ ಕಾಲದಲ್ಲಿ ರಾಜ್ಯ ತಂಡ ನಾಲ್ಕು ಬಾರಿ ಸಂತೋಷ್ ಟ್ರೋಫಿ ಗೆದ್ದಿತ್ತು, ಕೊನೆಯದು 1968–69ರಲ್ಲಿ. ಆಮೇಲಿನದಕ್ಕೆ 54 ವರ್ಷ ಕಾಯಬೇಕಾಯಿತು. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿದ ರಾತ್ರಿ ನಮ್ಮ ಗುಂಪಿನಲ್ಲಿ ಚಪ್ಪಾಳೆಯ ಇಮೋಜಿಗಳ ಮಳೆ.

ಆದರೆ ಹಳೆಯ ಆಟಗಾರರು ಹತ್ತಿದ ಮೆಟ್ಟಿಲು ಯಾವುದು ನೋಡಿ. ಗೌತಮಪುರ, ಆಸ್ಟಿನ್ ಟೌನ್, ಮರ್ಫಿ ಟೌನ್‌ಗಳ ಬೀದಿ. ಅಲ್ಲಿಂದ ಕ್ಲಬ್ಬು. ಚೆನ್ನಾಗಿ ಆಡಿದರೆ ಐಟಿಐ, ಎಚ್‌ಎಎಲ್, ಬಿಇಎಂಎಲ್‌ನಂಥ ಕಾರ್ಖಾನೆಯಲ್ಲಿ ಕೆಲಸ, ಸಂಜೆ ಅಭ್ಯಾಸ. ಆ ಕಾರ್ಖಾನೆಗಳು ಆಟಗಾರರನ್ನು ಹಿಂದಿನಂತೆ ಸೇರಿಸಿಕೊಳ್ಳುತ್ತಿಲ್ಲ, ಮೆಟ್ಟಿಲು ಮಧ್ಯದಲ್ಲಿ ಮುರಿದಿದೆ. ಹದಿನೆಂಟರಿಂದ ಇಪ್ಪತ್ತೆರಡರ ಹುಡುಗ ಇವತ್ತು ಇರುವುದು ಕಾಲೇಜಿನಲ್ಲಿ. ಕೇರಳ ಇದನ್ನು ನಮಗಿಂತ ಬಹಳ ಮೊದಲೇ ಅರ್ಥ ಮಾಡಿಕೊಂಡಿತು. ಕ್ಯಾಲಿಕಟ್ ವಿಶ್ವವಿದ್ಯಾಲಯ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಪ್ರಶಸ್ತಿಯನ್ನು ಹಲವು ಬಾರಿ ಗೆದ್ದಿದೆ. ಭಾರತ ತಂಡದ ಸಹಲ್ ಅಬ್ದುಲ್ ಸಮದ್ ಕಣ್ಣೂರಿನ ಕಾಲೇಜಿನಲ್ಲಿ ಓದುತ್ತ, ವಿಶ್ವವಿದ್ಯಾಲಯದ ಪಂದ್ಯಗಳಲ್ಲಿ ಆಡುತ್ತ ಕಣ್ಣಿಗೆ ಬಿದ್ದವರು. ನಮ್ಮ ಕಾಸರಗೋಡಿನ ಪಕ್ಕದ ಊರದು, ಚಂದ್ರಲೋಕವೇನಲ್ಲ.

ನಮ್ಮಲ್ಲೂ ಮೂಡುಬಿದಿರೆಯ ಆಳ್ವಾಸ್ ಕ್ರೀಡಾಪಟುಗಳನ್ನು ದತ್ತು ಪಡೆದು, ಊಟ–ವಸತಿ–ಶಿಕ್ಷಣ ಕೊಟ್ಟು ಅಥ್ಲೆಟಿಕ್ಸ್‌ನಲ್ಲಿ ಮಂಗಳೂರು ವಿಶ್ವವಿದ್ಯಾಲಯವನ್ನು ದೇಶದ ಮುಂಚೂಣಿಗೆ ತಂದಿದೆ. ಆ ದಾರಿಗೆ ಆಡಳಿತ ಮಂಡಳಿಯೇ ಮನಸ್ಸು ಮಾಡಬೇಕು. ಹಳೆಯ ವಿದ್ಯಾರ್ಥಿಗಳ ಚಂದಾದಿಂದ ಆಗುವ ಕೆಲಸ ಅಲ್ಲ.

ನಮ್ಮಿಂದ ಆಗುವುದು ಏನು ಎಂಬುದಕ್ಕೆ ಉತ್ತರ ನನಗೆ ಸಿಕ್ಕಿದ್ದು ಈ ನಾಶಿಕ್‌ನಲ್ಲೇ. ಫುಟ್‌ಬಾಲಿನಲ್ಲಿ ಅಲ್ಲ, ಓಟದಲ್ಲಿ. ಸಾವರಪಾಡಾ ಎಂಬ ಆದಿವಾಸಿ ಹಳ್ಳಿಯ ಕವಿತಾ ರಾವುತ್ 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 10,000 ಮೀಟರ್ ಓಟದಲ್ಲಿ ಕಂಚು ಗೆದ್ದರು, ಅದೇ ವರ್ಷ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ. ಅವರ ಹಿಂದೆ ಸಂಜೀವನಿ ಜಾಧವ್, ಮೋನಿಕಾ ಆಥರೆ ಬಂದರು. ಒಂದೇ ಜಿಲ್ಲೆಯಿಂದ ಇಷ್ಟು ಜನ ದೂರದ ಓಟಗಾರ್ತಿಯರು ಹೇಗೆ ಎಂದು ಇಲ್ಲಿಯವರನ್ನು ಕೇಳಿದರೆ ಬರುವುದು ಒಂದೇ ಹೆಸರು: ಕೋಚ್ ವಿಜೇಂದರ್ ಸಿಂಗ್. ಒಬ್ಬ ಮನುಷ್ಯ ಒಂದೇ ಊರಿನಲ್ಲಿ ವರ್ಷಗಟ್ಟಲೆ ನಿಂತರು. ಒಬ್ಬಳು ಓಡಿದ್ದನ್ನು ನೋಡಿ ಇನ್ನೊಬ್ಬಳು ಬಂದಳು, ಅವಳನ್ನು ನೋಡಲು ಅದೇ ಕಣ್ಣುಗಳಿದ್ದವು. ನಮ್ಮ ಕಾಲೇಜಿನಲ್ಲಿ ಇಲ್ಲದ್ದು ಅದು. ದೈಹಿಕ ಶಿಕ್ಷಣ ನಿರ್ದೇಶಕರು ಒಬ್ಬರೇ. ಕ್ರಿಕೆಟ್, ವಾಲಿಬಾಲ್, ಕಬಡ್ಡಿ, ವಾರ್ಷಿಕ ಕ್ರೀಡಾಕೂಟ, ಗಣರಾಜ್ಯೋತ್ಸವದ ಪರೇಡ್ ಎಲ್ಲ ಅವರ ತಲೆಯ ಮೇಲೆ. ಅವರನ್ನು ದೂರಿ ಫಲವಿಲ್ಲ.

ಹಾಗಾಗಿ ನನ್ನ ಪ್ರಸ್ತಾಪ ಇಷ್ಟು. ಇನ್ನೂರು ಜನ ತಿಂಗಳಿಗೆ ಮುನ್ನೂರು ರೂಪಾಯಿ ಹಾಕಿದರೆ 60,000 ಆಗುತ್ತದೆ. ನಮ್ಮಲ್ಲಿ ಹೆಚ್ಚಿನವರು ಒಂದು ಭಾನುವಾರ ಹೊರಗೆ ಊಟಕ್ಕೆ ಕೊಡುವ ದುಡ್ಡು ಅದಕ್ಕಿಂತ ಜಾಸ್ತಿ. ಅದರಲ್ಲಿ ಅರ್ಧ, ಫೆಡರೇಷನ್ನಿನ ಡಿ ಲೈಸೆನ್ಸ್ ಆದರೂ ಇರುವ ಸ್ಥಳೀಯ ಕೋಚ್ ಒಬ್ಬರಿಗೆ. ಬೆಳಗಾವಿ, ಹುಬ್ಬಳ್ಳಿಯಲ್ಲಿ ಆಡಿ ಬಿಟ್ಟವರು, ಮಕ್ಕಳಿಗೆ ಕಲಿಸಲು ಕಾಯುತ್ತಿರುವವರು ಇದ್ದಾರೆ. ಐದು ವರ್ಷದ ಕರಾರು ಇರಲಿ. ಪ್ರತಿವರ್ಷ ಕೋಚ್ ಬದಲಾಯಿಸುವುದಾದರೆ ಈ ಕೆಲಸಕ್ಕೆ ಕೈ ಹಾಕದಿರುವುದೇ ಲೇಸು. ಉಳಿದರ್ಧ ಚೆಂಡು, ಬಲೆ, ರೆಫರಿಗಳ ಸಂಭಾವನೆ, ಬಸ್ಸಿನ ಖರ್ಚಿಗೆ.

ಕೋಚ್ ಬಂದರೂ ಆಡಲು ಪಂದ್ಯ ಬೇಕಲ್ಲ. ಇಲ್ಲಿ ಕೊಲ್ಹಾಪುರದ ಕಡೆ ನೋಡಿ, ಬೆಳಗಾವಿಯಿಂದ ಎರಡು ತಾಸಿನ ದಾರಿ. ಪಾಟಾಕಡೀಲ್ ತಾಲೀಮ್, ಶಿವಾಜಿ ತರುಣ್ ಮಂಡಳ ಎಂದು ಪೇಟೆಗೊಂದು ತಂಡ, ಶಾಹು ಸ್ಟೇಡಿಯಂ ತುಂಬಿ ತುಳುಕುವ ಜನ. ಪಕ್ಕದ ಪೇಟೆಯ ವಿರುದ್ಧ ಮತ್ತೆ ಮತ್ತೆ ಆಡುವುದರಿಂದ ಹುಟ್ಟುವ ಹಟ ಅಲ್ಲಿದೆ. ನಮ್ಮ ಸುತ್ತಲಿನ ಎಂಟು ಕಾಲೇಜು ಸೇರಿ ಒಂದು ಲೀಗ್ ಮಾಡಿದರೆ 28 ಪಂದ್ಯ, ಏಳು ಶನಿವಾರದಲ್ಲಿ ಮುಗಿಯುತ್ತದೆ. ಗೆಲ್ಲಲಿ ಸೋಲಲಿ, ಪ್ರತಿ ತಂಡಕ್ಕೂ ಏಳು ಪಂದ್ಯ ಖಾತ್ರಿ. ನಾನು ನಾಲ್ಕು ವರ್ಷದಲ್ಲಿ ಆಡಿದ್ದಕ್ಕಿಂತ ಹೆಚ್ಚು, ಎರಡೇ ತಿಂಗಳಲ್ಲಿ. ಆಮೇಲೆ ಬೇಕಾದರೆ ವಿಶ್ವವಿದ್ಯಾಲಯದ ನಾಕೌಟ್‌ಗೆ ಹೋಗಲಿ.

"ಅಟೆಂಡೆನ್ಸ್ ಏನು ಮಾಡುವುದು?" ಎಂದು ಗುಂಪಿನಲ್ಲಿ ಕೇಳಿದ್ದಾರೆ. ಸರಿಯಾದ ಪ್ರಶ್ನೆ. ವಿಟಿಯುನಲ್ಲಿ ಶೇ 85 ಹಾಜರಿ ಬೇಕು, ಕ್ರೀಡೆಗೆ ಒಂದಿಷ್ಟು ವಿನಾಯಿತಿ ನಿಯಮದಲ್ಲೇ ಇದೆ, ಆದರೆ ಹುಡುಗ ವಿಭಾಗ ಮುಖ್ಯಸ್ಥರ ಬಾಗಿಲಲ್ಲಿ ಅರ್ಜಿ ಹಿಡಿದು ನಿಲ್ಲಬೇಕು. ಶನಿವಾರ ಮಧ್ಯಾಹ್ನ ಆಡಿದರೆ ಅರ್ಧ ಸಮಸ್ಯೆ ಹೋಗುತ್ತದೆ. ಉಳಿದರ್ಧವನ್ನು ಪ್ರಾಂಶುಪಾಲರು ಸಹಿ ಮಾಡಿದ ಒಂದು ಕಾಗದದಲ್ಲಿ ಮೊದಲೇ ಬಗೆಹರಿಸಿಕೊಳ್ಳಬೇಕು. ದುಡ್ಡು ಕೊಡುವ ಮುಂಚೆ, ಕೊಟ್ಟ ಮೇಲಲ್ಲ. ಅದೇ ಕಾಗದದಲ್ಲಿ ಇನ್ನೊಂದು ಸಾಲೂ ಇರಲಿ: ಸಂಜೆ ಐದರಿಂದ ಏಳು ಮೈದಾನದಲ್ಲಿ ಬಸ್ಸು ನಿಲ್ಲಿಸಕೂಡದು.

ಹುಡುಗಿಯರ ತಂಡದ ಮಾತೆತ್ತಿದರೆ "ಹನ್ನೊಂದು ಮಂದಿ ಎಲ್ಲಿ ಸಿಗ್ತಾರ" ಎಂಬ ಉತ್ತರ ನನ್ನ ಕಾಲದಿಂದಲೂ ಇದೆ. ಈಗ ಹುಡುಗರೇ ಹನ್ನೊಂದು ಸಿಗುತ್ತಿಲ್ಲ, ಆ ನೆಪ ಹಳತಾಯಿತು. ಐದು ಜನರ ಆಟದಿಂದ ಶುರು ಮಾಡಲಿ, ಅದೇ ಕೋಚ್, ಅದೇ ಮೈದಾನ, ಮೊದಲ ದಿನದಿಂದಲೇ.

ಮೊದಲ ವರ್ಷ ನಮ್ಮವರು 6–0ಯಿಂದ ಸೋಲುತ್ತಾರೆ, ಬರೆದಿಟ್ಟುಕೊಳ್ಳಿ. ಆಗ ಗುಂಪಿನಲ್ಲಿ ಯಾರೋ ಸ್ಕೋರು ಹಾಕಿ ನಗುತ್ತಾರೆ, ನಾಲ್ಕು ಜನ ಚಂದಾ ನಿಲ್ಲಿಸುತ್ತಾರೆ. ಮೊದಲ ಎರಡು ವರ್ಷ ಕಪ್ಪಿನ ಲೆಕ್ಕ ಕೇಳುವಂತಿಲ್ಲ, ಎಷ್ಟು ಜನ ಅಭ್ಯಾಸಕ್ಕೆ ಬಂದರು, ಎಷ್ಟು ಪಂದ್ಯ ಆಡಿದರು ಎಂದಷ್ಟೇ ಕೇಳಬೇಕು ಎಂದು ಈಗಲೇ ಒಪ್ಪಿಕೊಂಡರೆ ಒಳ್ಳೆಯದು.

ಗುಂಪಿನಲ್ಲಿ ಮತದಾನ ನಡೆಯುತ್ತಿದೆ. ಇದನ್ನು ಬರೆಯುವ ಹೊತ್ತಿಗೆ ಟರ್ಫ್‌ಗೆ 91, ಕೋಚ್‌ಗೆ 63. ಭಾನುವಾರ ರಾತ್ರಿಯವರೆಗೆ ಅವಕಾಶವಿದೆ, ಡಲ್ಲಾಸ್‌ನವರು ಇನ್ನೂ ಎದ್ದಿಲ್ಲ.