ಶಿಕ್ಷೆ ಮುಗಿಯುವ ಮುನ್ನ ಮೇಲ್ಮನವಿ ಕೇಳಿ

ಕರ್ನಾಟಕ ಹೈಕೋರ್ಟಿನ ಮಾನ್ಯ ಮುಖ್ಯ ನ್ಯಾಯಮೂರ್ತಿಗಳಿಗೆ,

ಯಾವ ಪ್ರಕರಣ ಯಾವ ಪೀಠದ ಮುಂದೆ ಬರಬೇಕೆಂದು ನಿರ್ಧರಿಸುವ ಅಧಿಕಾರ ತಮ್ಮದು. ಹಾಗಾಗಿ ಈ ಮನವಿ ತಮಗೇ. ಮಾದಕವಸ್ತು ತಡೆಯ ಎನ್‌ಡಿಪಿಎಸ್ ಕಾಯ್ದೆಯಡಿ ಶಿಕ್ಷೆಯಾಗಿ ಜೈಲಿನಲ್ಲಿರುವವರ ಮೇಲ್ಮನವಿಗಳನ್ನು ಅವರು ಒಳಗಿರುವಾಗಲೇ ಕೇಳಿ ಮುಗಿಸಬೇಕು.

ಬೇಗ ಹೊರಬರಲು ಬೇರೆ ಕೈದಿಗಳಿಗಿರುವ ಹಲವು ದಾರಿಗಳು ಇವರಿಗಿಲ್ಲ. 1985ರ ಈ ಕಾಯ್ದೆಯ ಕಲಂ 32ಎ ಪ್ರಕಾರ ಸನ್ನಡತೆಯ ಮಾಫಿ ಸಿಗುವುದಿಲ್ಲ. ಹತ್ತು ವರ್ಷವೆಂದರೆ ಪೂರ್ತಿ ಹತ್ತು ವರ್ಷ. ಮೇಲ್ಮನವಿ ಬಾಕಿ ಇರುವಾಗ ಶಿಕ್ಷೆ ಅಮಾನತಿನಲ್ಲಿಡುವ ಅಧಿಕಾರ ನ್ಯಾಯಾಲಯಕ್ಕೆ ಇದೆಯೆಂದು 2000ದಲ್ಲಿ ದಾದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಜಾಮೀನಿಗೆ ಕಲಂ 37 ಹಾಕುವ ಕಠಿಣ ಷರತ್ತು ದಾಟಿ ಹೊರಬರುವುದು ಸುಲಭವಲ್ಲ. ಉಳಿದ ದಾರಿ ಒಂದೇ, ಮೇಲ್ಮನವಿಯ ಅಂತಿಮ ವಿಚಾರಣೆ.

ಅಲ್ಲಿ ಏನು ನಿರ್ಧಾರವಾಗಬಹುದು ಎಂಬುದಕ್ಕೆ ಗಾಂಜಾ ಪ್ರಕರಣವನ್ನೇ ನೋಡೋಣ. ಕಾನೂನಿನ ಪ್ರಕಾರ ಗಾಂಜಾ ಎಂದರೆ ಗಿಡದ ಹೂಬಿಟ್ಟ ಅಥವಾ ಕಾಯಿಗಟ್ಟಿದ ತುದಿ. ಆ ತುದಿಯ ಜೊತೆಗಿಲ್ಲದ ಬೀಜ, ಎಲೆ ಅದರಲ್ಲಿ ಸೇರುವುದಿಲ್ಲ. ಜಪ್ತಿಯ ಸ್ಥಳದಲ್ಲಿ ಮಾತ್ರ ಪೊಲೀಸರು ಗೋಣಿಚೀಲದಲ್ಲಿದ್ದುದನ್ನೆಲ್ಲ ಒಟ್ಟಿಗೆ ತಕ್ಕಡಿಗೆ ಹಾಕಿ, ಮಹಜರಿನಲ್ಲಿ ‘21 ಕೆ.ಜಿ.’ ಎಂದು ಬರೆದು, ಅರಗಿನ ಮುದ್ರೆ ಒತ್ತಿದರೆಂದುಕೊಳ್ಳಿ. ತುದಿ ಎಷ್ಟು, ಬರೀ ಕಾಂಡ ಎಷ್ಟು ಎಂದು ಯಾರೂ ಬೇರ್ಪಡಿಸಿಲ್ಲ. 20 ಕೆ.ಜಿ. ದಾಟಿದರೆ ವಾಣಿಜ್ಯ ಪ್ರಮಾಣ: ಕನಿಷ್ಠ 10 ವರ್ಷ ಜೈಲು, ಕನಿಷ್ಠ 1 ಲಕ್ಷ ರೂಪಾಯಿ ದಂಡ. ಅದಕ್ಕಿಂತ ಕಡಿಮೆಯಾದರೆ ಕನಿಷ್ಠ ಶಿಕ್ಷೆಯೇ ಇಲ್ಲ. ಈಗಾಗಲೇ ಅನುಭವಿಸಿದ ಅವಧಿಗೇ ಶಿಕ್ಷೆಯನ್ನು ಇಳಿಸಲು ನ್ಯಾಯಾಲಯಕ್ಕೆ ಸಾಧ್ಯ. ಈ ವಾದವನ್ನು ಮೂರನೇ ವರ್ಷದಲ್ಲಿ ಕೇಳಿದರೆ ಒಂದು ಬದುಕು ಉಳಿದೀತು. ಹತ್ತನೇ ವರ್ಷದಲ್ಲಿ ಕೇಳಿದರೆ ಗೆದ್ದವನ ಕೈಗೆ ಬರುವುದು ತೀರ್ಪಿನ ಪ್ರತಿ ಮಾತ್ರ.

ಶಿಕ್ಷೆ ಮುಗಿಸಿ ಹೊರಬಂದವನ ಮೇಲ್ಮನವಿಯಲ್ಲಿ ಇನ್ನೇನಿದೆ ಎಂದು ಕಡತ ಮುಚ್ಚುವುದೂ ಸರಿಯಲ್ಲ. ಅಪರಾಧಿಯೆಂಬ ತೀರ್ಪು ಅವನ ಬೆನ್ನಿಗೇ ಇರುತ್ತದೆ. ಮುಂದೆ ಇದೇ ಕಾಯ್ದೆಯಡಿ ಮತ್ತೆ ತಪ್ಪಿತಸ್ಥನಾದರೆ, ಕಲಂ 31ರ ಪ್ರಕಾರ ಗರಿಷ್ಠ ಶಿಕ್ಷೆ ಒಂದೂವರೆ ಪಟ್ಟು ಆಗಬಹುದು. ಕೆಲಸ ಕೇಳಿ ಹೋದಲ್ಲೆಲ್ಲ ಪೊಲೀಸ್ ಪರಿಶೀಲನೆಯಲ್ಲಿ ಆ ತೀರ್ಪು ಎದುರಾಗುತ್ತದೆ.

ಮಾದಕವಸ್ತುವಿನಿಂದ ಮನೆಗಳು ಹಾಳಾಗುತ್ತಿವೆ, ನಿಜ. ಮಕ್ಕಳನ್ನು ಕಳೆದುಕೊಂಡ ತಂದೆತಾಯಂದಿರ ಸಂಕಟ ದೊಡ್ಡದು. ತಪ್ಪಿತಸ್ಥರನ್ನು ಬಿಟ್ಟುಬಿಡಿ ಎಂದು ನಾನು ಕೇಳುತ್ತಿಲ್ಲ. ಕಾನೂನು ಇಷ್ಟು ಕಠಿಣವಾಗಿರುವಾಗ ಅದರ ತಪ್ಪನ್ನು ತಿದ್ದುವ ಕೆಲಸವೂ ಅಷ್ಟೇ ಚುರುಕಾಗಿರಬೇಕು ಎನ್ನುತ್ತಿದ್ದೇನೆ. ಮಾದಕವಸ್ತು ಪ್ರಕರಣಗಳ ವಿಚಾರಣೆ ಬೇಗ ಮುಗಿಯಬೇಕೆಂಬ ಕಾಳಜಿಯಿಂದ 2013ರಲ್ಲಿ ಥಾನಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶನಗಳನ್ನು ಕೊಟ್ಟಿತು. ಆ ಕಾಳಜಿ ಮೇಲ್ಮನವಿಗೂ ಸಲ್ಲಬೇಕು.

ಬೆಂಗಳೂರು, ಧಾರವಾಡ, ಕಲಬುರಗಿ ಪೀಠಗಳಲ್ಲಿ ಬಾಕಿ ಇರುವ ಇಂಥ ಮೇಲ್ಮನವಿಗಳ ಪಟ್ಟಿಯನ್ನು, ಪ್ರತಿ ಕೈದಿಯ ಬಿಡುಗಡೆಯ ದಿನಾಂಕ ಸಮೇತ, ಜೈಲುಗಳಿಂದ ತರಿಸಿಕೊಳ್ಳಿ. ಅರ್ಧ ಶಿಕ್ಷೆ ದಾಟುವ ಮೊದಲೇ ಅಂತಿಮ ವಿಚಾರಣೆಗೆ ದಿನ ಗೊತ್ತುಮಾಡಿ. ವಕೀಲರಿಲ್ಲದವರಿಗೆ ಕಾನೂನು ಸೇವಾ ಸಮಿತಿಯಿಂದ ಅನುಭವಿ ವಕೀಲರನ್ನು ಕೊಡಿಸಿ. ಶಿಕ್ಷೆ ಮುಗಿದಿದ್ದರೆ, ಕಡತ ಮುಚ್ಚುವ ಮುನ್ನ ಆ ವ್ಯಕ್ತಿಯನ್ನೇ ಒಂದು ಮಾತು ಕೇಳಿ.

ಕಳೆದ ವರ್ಷಗಳನ್ನು ಹಿಂದಿರುಗಿಸುವ ಅಧಿಕಾರ ಯಾವ ನ್ಯಾಯಪೀಠಕ್ಕೂ ಇಲ್ಲ. ಬೇಗ ಕೇಳುವ ಅಧಿಕಾರ ತಮಗಿದೆ. ಅದನ್ನು ಬಳಸಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಕೈದಿಗಳ ಪರ ಮೇಲ್ಮನವಿ ನಡೆಸುವ ಒಬ್ಬ ವಕೀಲ