ಹಾಲು ಡೇರಿಗೆ, ಡಬ್ಬದ ಪುಡಿ ಅಮ್ಮನಿಗೆ

"ಬಚ್ಚಲಲ್ಲಿ ಜಾರಿ ಬಿದ್ಲಂತೆ. ಸೊಂಟ ಮುರೀತಂತೆ. ಆಮೇಲೆ ಮೇಲೇಳಲೇ ಇಲ್ಲ."

ನಮ್ಮ ಹಳ್ಳಿಗಳಲ್ಲಿ ಈ ಮಾತು ಕೇಳದವರು ಯಾರಿದ್ದಾರೆ? ಕೇಳಿದವರೆಲ್ಲ ಬಚ್ಚಲನ್ನು ಬೈಯುತ್ತಾರೆ, ಪಾಚಿಯನ್ನು ಬೈಯುತ್ತಾರೆ, ಕೊನೆಗೆ "ವಯಸ್ಸಾಯ್ತು ಬಿಡಿ" ಅನ್ನುತ್ತಾರೆ. ನಾವು ಹೇಳುವುದು ಬೇರೆ. ಆ ಮೂಳೆ ಕೆಟ್ಟಿದ್ದು ಅವತ್ತಲ್ಲ. ವರ್ಷಗಟ್ಟಲೆ ಒಳಗೊಳಗೇ ಟೊಳ್ಳಾಗುತ್ತಾ ಬಂದಿತ್ತು. ಅದರಲ್ಲಿ ವಯಸ್ಸಿನ ಪಾಲಿದೆ, ನಿಜ. ಆದರೆ ನಮ್ಮ ಅಡುಗೆಮನೆಯ ಪಾಲೂ ಇದೆ, ಡೇರಿ ಲೆಕ್ಕದ ಪಾಲೂ ಇದೆ, ಸರ್ಕಾರದ ಪಾಲೂ ಇದೆ.

ಮೊದಲು ಒಂದು ಗೊಂದಲ ಬಿಡಿಸೋಣ. ಮಂಡಿ ನೋವು ಬಂದರೆ "ಮೂಳೆ ಸವೆದಿದೆ" ಅನ್ನುತ್ತೇವೆ. ಅದು ಕೀಲಿನ ಸವೆತ. ನಾವಿಲ್ಲಿ ಹೇಳುತ್ತಿರುವುದು ಮೂಳೆ ಒಳಗಿಂದ ಟೊಳ್ಳಾಗುವ ಆಸ್ಟಿಯೋಪೊರೋಸಿಸ್ ಬಗ್ಗೆ. ಅದು ಮುರಿಯುವ ತನಕ ನೋಯುವುದಿಲ್ಲ. ಅದಕ್ಕೇ ಯಾರೂ ಅದರ ಬಗ್ಗೆ ತಲೆ ಕೆಡಿಸಿಕೊಳ್ಳುವುದಿಲ್ಲ.

ನಮ್ಮ ದೇಹದಲ್ಲಿ ಹಳೆ ಮೂಳೆ ಕರಗುವುದು, ಹೊಸ ಮೂಳೆ ಕಟ್ಟುವುದು ಸದಾ ನಡೆದೇ ಇರುತ್ತದೆ. ಕರಗುವ ಕೆಲಸಕ್ಕೆ ಲಗಾಮು ಹಾಕುವುದು ಈಸ್ಟ್ರೋಜನ್ ಎಂಬ ಹಾರ್ಮೋನು. ಮುಟ್ಟು ನಿಂತಾಗ ಆ ಹಾರ್ಮೋನು ಇಳಿಯುತ್ತದೆ, ಲಗಾಮು ಸಡಿಲವಾಗುತ್ತದೆ. ಮುಟ್ಟು ನಿಂತ ಮೊದಲ ಐದಾರು ವರ್ಷಗಳಲ್ಲೇ ಕೆಲವರಲ್ಲಿ ಶೇ. 20ರವರೆಗೆ ಮೂಳೆಯ ಸಾಂದ್ರತೆ ಹೋಗಬಹುದು. ನಮ್ಮ ದೇಶದಲ್ಲಿ ಹೆಂಗಸರಿಗೆ ಮುಟ್ಟು ನಿಲ್ಲುವುದು ಸರಾಸರಿ 46-47ನೇ ವಯಸ್ಸಿಗೆ. ಅಂದರೆ ಇದು ಮುದುಕಿಯರ ಕಾಯಿಲೆಯಲ್ಲ. ಸೊಸೆಗೆ ಬಾಣಂತನ ಮಾಡುತ್ತಾ, ಹಸುವಿಗೆ ಹುಲ್ಲು ಹೊರುತ್ತಾ ಇರುವ ಹೆಂಗಸಿನೊಳಗೆ ಇದು ಶುರುವಾಗಿರುತ್ತದೆ.

"ದುಡಿಯೋರ ಮೂಳೆ ಗಟ್ಟಿ" ಎಂಬ ಸುಳ್ಳು

"ಅವೆಲ್ಲ ಪೇಟೆಯವರ ಕಾಯಿಲೆ. ಹೊಲದಲ್ಲಿ ಗೇಯೋರಿಗೆ ಏನೂ ಆಗಲ್ಲ." ಈ ಮಾತನ್ನು ಹೆಚ್ಚಾಗಿ ಹೇಳುವವರು ಕಟ್ಟೆ ಮೇಲೆ ಕೂತ ಗಂಡಸರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಕಡಿಮೆ ಆದಾಯದ ಮನೆಗಳ 30ರಿಂದ 60 ವಯಸ್ಸಿನ 289 ಹೆಂಗಸರನ್ನು ಪರೀಕ್ಷಿಸಿ 2005ರಲ್ಲಿ ವರದಿ ಪ್ರಕಟಿಸಿದರು. ತೊಡೆಮೂಳೆಯ ಕತ್ತಿನ ಭಾಗದಲ್ಲಿ ಶೇ. 29ರಷ್ಟು ಮಂದಿಗೆ ಆಸ್ಟಿಯೋಪೊರೋಸಿಸ್ ಇತ್ತು, ಅರ್ಧದಷ್ಟು ಮಂದಿ ಅದರ ಹಿಂದಿನ ಹಂತದಲ್ಲಿದ್ದರು. ಇವರೇನು ಸೋಫಾ ಮೇಲೆ ಕೂತು ತಿಂದವರಲ್ಲ. ಅವರ ಊಟದಲ್ಲಿ ಸಿಗುತ್ತಿದ್ದ ಕ್ಯಾಲ್ಸಿಯಂ ದಿನಕ್ಕೆ ಸರಾಸರಿ ಸುಮಾರು 270 ಮಿಲಿಗ್ರಾಂ. ಮುಟ್ಟು ನಿಂತ ಹೆಂಗಸಿಗೆ ದಿನಕ್ಕೆ 1200 ಮಿಲಿಗ್ರಾಂ ಬೇಕು ಎನ್ನುತ್ತದೆ ಐಸಿಎಂಆರ್ 2020ರಲ್ಲಿ ಹೊರಡಿಸಿದ ಲೆಕ್ಕ. ನಾಲ್ಕನೇ ಒಂದು ಪಾಲೂ ಇಲ್ಲ!

ದುಡಿಮೆ ಮೂಳೆಯನ್ನು ಕಾಪಾಡಲಿಲ್ಲ. ಕಟ್ಟಲು ಸಾಮಾನೇ ಕೊಡದೆ ಗೋಡೆ ಎಬ್ಬಿಸು ಅಂದರೆ ಯಾವ ಗಾರೆ ಕೆಲಸದವನು ಎಬ್ಬಿಸಿಯಾನು?

ಲೋಟ ಹಾಲು ಎಲ್ಲಿ ಹೋಯಿತು?

ಬೆಳಿಗ್ಗೆ ಐದಕ್ಕೆ ಎದ್ದು ಸಗಣಿ ಬಾಚುವವಳು ಅಮ್ಮ. ಹಾಲು ಕರೆಯುವವಳು ಅಮ್ಮ. ಕ್ಯಾನು ಹಿಡಿದು ಡೇರಿಗೆ ಹೋಗುವವನು ಮಗ. ಬಟವಾಡೆ ಸೇರುವುದು ಸಾಲದ ಕಂತಿಗೆ, ಹಿಂಡಿ-ಬೂಸಕ್ಕೆ. ಮನೆಗೆ ಉಳಿದ ಅರ್ಧ ಲೀಟರಿನಲ್ಲಿ ಮೊದಲು ಮೊಮ್ಮಕ್ಕಳಿಗೆ, ಆಮೇಲೆ ಗಂಡಸರ ಕಾಫಿಗೆ. ಅಮ್ಮನಿಗೆ? ತಳದಲ್ಲಿ ಉಳಿದದ್ದಕ್ಕೆ ನೀರು ಬೆರೆಸಿದ ಟೀ. ಮೊಟ್ಟೆಯದೂ ಇದೇ ಕಥೆ, ಮೀನು ಮಾಂಸದ್ದೂ ಇದೇ ಕಥೆ. "ನಂಗೆ ಬೇಡ ಕಣೋ, ನೀವು ತಿನ್ರಿ" ಅನ್ನುತ್ತಾಳೆ. ಆ ಮಾತನ್ನು ತಾಯಿಯ ಪ್ರೀತಿ ಎಂದು ಹೊಗಳಿ ತಟ್ಟೆ ಖಾಲಿ ಮಾಡುವುದರಲ್ಲಿ ನಾವೂ ಇದ್ದೇವೆ. ನಮ್ಮ ಮನೆಗಳಲ್ಲೂ ಹೀಗೇ ನಡೆದಿದೆ.

ಅವಳಿಗೆ ಸೊಂಟ ಹಿಡಿದ ಮೇಲೆ ಏನು ಮಾಡುತ್ತೇವೆ? ಟಿವಿಯಲ್ಲಿ ನೋಡಿದ "ಮೂಳೆ ಬಲದ" ಪುಡಿಯ ಡಬ್ಬ ತರುತ್ತೇವೆ. ನೂರಾರು ರೂಪಾಯಿ ಕೊಟ್ಟು ತಂದ ಆ ಡಬ್ಬದಲ್ಲೂ ಇರುವುದು ಹಾಲಿನ ಪುಡಿ, ಸಕ್ಕರೆ, ಒಂದಿಷ್ಟು ಕ್ಯಾಲ್ಸಿಯಂ, ವಿಟಮಿನ್. ಕಡಿಮೆ ಬೆಲೆಗೆ ಹಾಲು ಮಾರಿ ಹೆಚ್ಚಿನ ಬೆಲೆಗೆ ಪುಡಿ ಕೊಳ್ಳುವುದು ಯಾವ ಸೀಮೆ ಲೆಕ್ಕ?

ಅಡುಗೆಮನೆಯ ಲೆಕ್ಕ ನೋಡಿ. 100 ಗ್ರಾಂ ರಾಗಿ ಹಿಟ್ಟಿನ ಒಂದು ಮುದ್ದೆಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ಎರಡು ಲೋಟ ಹಾಲು ಅಥವಾ ಅಷ್ಟೇ ಗಟ್ಟಿ ಮೊಸರಿನಲ್ಲಿ 450ಕ್ಕೂ ಹೆಚ್ಚು. ಒಂದು ದೊಡ್ಡ ಹಿಡಿ ನುಗ್ಗೆಸೊಪ್ಪಿನಲ್ಲಿ 150. ಒಂದು ದೊಡ್ಡ ಚಮಚ ಎಳ್ಳಿನಲ್ಲಿ 100ಕ್ಕೂ ಮೇಲೆ. ಹುರುಳಿ ಸಾರಿನ ಕಾಳಿನಲ್ಲಿ ಇನ್ನೊಂದು 80. ಕೂಡಿದರೆ 1200ರ ಹತ್ತಿರ ಬಂತು. ರಾಗಿಯನ್ನು ಮೊಳಕೆ ಕಟ್ಟಿ ಹಿಟ್ಟು ಮಾಡಿದರೆ, ಅಂಬಲಿಯನ್ನು ಹುಳಿ ಬರಿಸಿದರೆ ಅದರಲ್ಲಿರುವ ಕ್ಯಾಲ್ಸಿಯಂ ಮೈಗೆ ಇನ್ನೂ ಚೆನ್ನಾಗಿ ಹತ್ತುತ್ತದೆ.

ಉತ್ತರ ಕರ್ನಾಟಕದ ಓದುಗರಿಗೆ ಒಂದು ಮಾತು. ಜೋಳದ ರೊಟ್ಟಿಯಲ್ಲಿ ಕ್ಯಾಲ್ಸಿಯಂ ರಾಗಿಯ ಹತ್ತನೇ ಒಂದು ಪಾಲೂ ಇಲ್ಲ. ಹಾಗಂತ ರೊಟ್ಟಿ ಬಿಡಬೇಕಿಲ್ಲ. ಜತೆಗೆ ಗುರೆಳ್ಳು ಚಟ್ನಿ, ಗಟ್ಟಿ ಮೊಸರು, ಸೊಪ್ಪಿನ ಪಲ್ಯ ಇರಲಿ. ಅನ್ನವನ್ನೇ ನೆಚ್ಚಿದವರಿಗೂ ಇದೇ ಮಾತು.

ಕ್ಯಾಲ್ಸಿಯಂ ಮೈಗೆ ಹತ್ತಲು ವಿಟಮಿನ್ ಡಿ ಬೇಕು. ಅದು ಬಿಸಿಲಿನಿಂದ ಬರುತ್ತದೆ. ಹೊಲದಲ್ಲಿರುವವರಿಗೆ ಸಿಗಬಹುದು. ಕತ್ತಲಲ್ಲೇ ವ್ಯಾನು ಹತ್ತಿ ಗಾರ್ಮೆಂಟ್ಸಿಗೆ ಹೋಗುವವರಿಗೆ, ಮನೆಯೊಳಗೇ ಕೂತು ಬೀಡಿ ಕಟ್ಟುವವರಿಗೆ ಎಲ್ಲಿಂದ ಬರಬೇಕು?

ಹೊರೆ ಬೇರೆ, ವ್ಯಾಯಾಮ ಬೇರೆ

ದಿನವಿಡೀ ದುಡಿದರೂ ಮೂಳೆಗೆ ಯಾಕೆ ಸಾಲದು? ಮೂಳೆ ಒಗ್ಗಿಹೋದ ಕೆಲಸಕ್ಕೆ ಹೊಸದಾಗಿ ಗಟ್ಟಿಯಾಗುವುದಿಲ್ಲ. ಸ್ವಲ್ಪ ಸ್ವಲ್ಪವಾಗಿ ಹೆಚ್ಚುವ ಭಾರಕ್ಕೆ, ನೆಲಕ್ಕೆ ಕಾಲು ಬಿದ್ದಾಗಿನ ಪೆಟ್ಟಿಗೆ ಗಟ್ಟಿಯಾಗುತ್ತದೆ. ಗಂಟೆಗಟ್ಟಲೆ ಬಗ್ಗಿ ಕಳೆ ಕೀಳುವುದರಲ್ಲಿ ಅದು ಎರಡೂ ಇಲ್ಲ. ಈಗಾಗಲೇ ಟೊಳ್ಳಾದ ಬೆನ್ನುಮೂಳೆಗೆ ಬಗ್ಗಿ ಭಾರ ಎತ್ತುವುದು ಅಪಾಯ ಕೂಡ.

ಇದನ್ನು ಪರೀಕ್ಷಿಸಿ ನೋಡಿದವರು ಆಸ್ಟ್ರೇಲಿಯಾದಲ್ಲಿದ್ದಾರೆ. ಅಲ್ಲಿ ಮುಟ್ಟು ನಿಂತ, ಮೂಳೆ ಸಾಂದ್ರತೆ ಕಡಿಮೆಯಿದ್ದ 101 ಹೆಂಗಸರ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಮಂದಿ ವಾರಕ್ಕೆ ಎರಡೇ ದಿನ, ಅರ್ಧರ್ಧ ಗಂಟೆ, ತರಬೇತುದಾರರ ಎದುರಿಗೆ ಭಾರ ಎತ್ತುವ, ನೆಗೆದು ಕಾಲೂರುವ ವ್ಯಾಯಾಮ ಮಾಡಿದರು. ಎಂಟು ತಿಂಗಳಲ್ಲಿ ಅವರ ಸೊಂಟದ ಬೆನ್ನುಮೂಳೆಯ ಸಾಂದ್ರತೆ ಶೇ. 2.9ರಷ್ಟು ಏರಿತು. ಮನೆಯಲ್ಲೇ ಹಗುರ ವ್ಯಾಯಾಮ ಮಾಡಿದವರದು ಶೇ. 1.2ರಷ್ಟು ಇಳಿಯಿತು. ಮಾತ್ರೆಯಿಲ್ಲದೆ ಏರುವುದು ಇಷ್ಟೇ, ಆದರೆ ಏರುತ್ತದೆ. "ಮೂರೇ ತಿಂಗಳಲ್ಲಿ ಉಕ್ಕಿನ ಮೂಳೆ" ಅಂತ ವಾಟ್ಸಾಪಿನಲ್ಲಿ ಬರುವುದು ಸುಳ್ಳು.

ಮನೆಯಲ್ಲಿ ಶುರುಮಾಡಲು: ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಏಳುವುದು. ಒಂಟಿ ಕಾಲಲ್ಲಿ ಹತ್ತೆಣಿಸುವ ತನಕ ನಿಲ್ಲುವುದು. ಮೆಟ್ಟಿಲು ಹತ್ತಿ ಇಳಿಯುವುದು. ವಾರಗಳು ಕಳೆದಂತೆ ಎರಡೂ ಕೈಗೆ ಸಮವಾಗಿ ಎರಡೆರಡು ಕಿಲೋ ಚೀಲ ಹಿಡಿದು ಇದನ್ನೇ ಮಾಡುವುದು. ಬೆನ್ನು ನೇರವಾಗಿರಲಿ. ಬೆನ್ನು ಬಾಗಿದವರು, ಹಿಂದೆ ಮೂಳೆ ಮುರಿದವರು ಡಾಕ್ಟರನ್ನು ಕೇಳದೆ ನೆಗೆಯಬಾರದು, ಭಾರ ಎತ್ತಬಾರದು.

ಮೂಳೆ ತಿನ್ನುವ ಇಂಜೆಕ್ಷನ್

"ಆ ಡಾಕ್ಟ್ರು ಒಂದು ಇಂಜೆಕ್ಷನ್ ಹಾಕ್ತಾರೆ, ತಿಂಗಳು ನೋವೇ ಇರಲ್ಲ." ಕೀಲುನೋವಿಗೆ ಪದೇ ಪದೇ ಕೊಡುವ ಇಂಥ ಇಂಜೆಕ್ಷನ್ನುಗಳಲ್ಲಿ, ಚೀಟಿಯಿಲ್ಲದ ಪೊಟ್ಟಣದ ಪುಡಿಗಳಲ್ಲಿ ಸ್ಟೀರಾಯ್ಡ್ ಇರುವುದುಂಟು. ತಿಂಗಳುಗಟ್ಟಲೆ ಸ್ಟೀರಾಯ್ಡ್ ಮೈಗೆ ಸೇರಿದರೆ ಮೂಳೆ ಟೊಳ್ಳಾಗುತ್ತದೆ. ಏನು ಕೊಡುತ್ತಿದ್ದೀರಿ ಎಂದು ಕೇಳುವುದು ನಿಮ್ಮ ಹಕ್ಕು. ಹೆಸರು ಬರೆದುಕೊಡದವರ ಹತ್ತಿರ ಸೂಜಿ ಚುಚ್ಚಿಸಿಕೊಳ್ಳಬೇಡಿ. ಆದರೆ ದೊಡ್ಡ ಕಾಯಿಲೆಗೆ ಡಾಕ್ಟರು ಬರೆದುಕೊಟ್ಟ ಸ್ಟೀರಾಯ್ಡ್ ಮಾತ್ರೆಯನ್ನು ನೀವಾಗಿ ದಿಢೀರ್ ನಿಲ್ಲಿಸಲೂಬೇಡಿ.

ಇದಕ್ಕಿಂತ ದೊಡ್ಡ ಅನ್ಯಾಯ ಬೇಡದ ಗರ್ಭಕೋಶದ ಆಪರೇಷನ್. ಕಲಬುರಗಿ ಜಿಲ್ಲೆಯ ತಾಂಡಾಗಳ ಹೆಂಗಸರಿಗೆ, ದಲಿತ ಹೆಂಗಸರಿಗೆ ಚಿಕ್ಕ ವಯಸ್ಸಲ್ಲೇ ಗರ್ಭಕೋಶ ತೆಗೆದ ಸಂಗತಿ 2015ರಲ್ಲಿ ರಾಜ್ಯದಲ್ಲೆಲ್ಲ ಸುದ್ದಿಯಾಯಿತು. ಇಂಥ ಆಪರೇಷನ್ ತಡೆಯುವ ಮಾರ್ಗಸೂಚಿ ಜಾರಿಗೆ ತನ್ನಿ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಎಲ್ಲ ರಾಜ್ಯಗಳಿಗೆ ಹೇಳಿತು. ಅಂಡಾಶಯವನ್ನೂ ತೆಗೆದರೆ ಹಾರ್ಮೋನು ಒಮ್ಮೆಲೇ ಇಳಿಯುತ್ತದೆ. 47ಕ್ಕೆ ಶುರುವಾಗಬೇಕಾದ ಮೂಳೆ ನಷ್ಟ 32ಕ್ಕೇ ಶುರು. ಅಂಡಾಶಯ ಉಳಿಸಿದರೂ ಕೆಲವರಲ್ಲಿ ಅದು ಬೇಗ ಸೊರಗುತ್ತದೆ.

ಹೆರುವ ತನಕ ಮಾತ್ರ ಲೆಕ್ಕವೇ?

ಶಾಲೆ ಮಕ್ಕಳಿಗೆ 2013ರಿಂದ ಕ್ಷೀರಭಾಗ್ಯದ ಹಾಲಿದೆ. ಬಸುರಿ-ಬಾಣಂತಿಯರಿಗೆ 2017ರಿಂದ ಮಾತೃಪೂರ್ಣದ ಊಟವಿದೆ. ಎರಡೂ ಬೇಕು, ಒಳ್ಳೆಯ ಯೋಜನೆಗಳು. ಆದರೆ ಬಾಣಂತನ ಮುಗಿದ ಮೇಲೆ ಅವಳ ಮೈ ಯಾವ ರಿಜಿಸ್ಟರಿನಲ್ಲೂ ಇಲ್ಲ. ಮನೆಯವರಂತೆಯೇ ಸರ್ಕಾರಕ್ಕೂ ಹೆಣ್ಣು ಎಂದರೆ ಹೆರುವವಳು, ಹೆತ್ತು ಮುಗಿದರೆ ಲೆಕ್ಕಕ್ಕಿಲ್ಲ.

ನಾವು ಕೇಳುವುದು ದೊಡ್ಡದೇನಲ್ಲ. 45 ದಾಟಿದ ಹೆಂಗಸರಿಗೂ ಅಂಗನವಾಡಿಯಲ್ಲಿ ಒಂದು ಲೋಟ ಹಾಲು, ಒಂದು ಮೊಟ್ಟೆ. ಪಡಿತರದಲ್ಲಿ ವರ್ಷಪೂರ್ತಿ ರಾಗಿ. ಮೂಳೆ ಸಾಂದ್ರತೆ ನೋಡುವ ಡೆಕ್ಸಾ ಪರೀಕ್ಷೆ ಜಿಲ್ಲಾ ಆಸ್ಪತ್ರೆಯಲ್ಲಿ ಪುಕ್ಕಟೆ. ಶಿಬಿರದಲ್ಲಿ ಹಿಮ್ಮಡಿಗೆ ಯಂತ್ರ ಇಟ್ಟು ಹೆದರಿಸಿ ಡಬ್ಬ ಮಾರುವವರ ಮೇಲೆ ಕಣ್ಣು. ಗ್ರಾಮಸಭೆಯಲ್ಲಿ ಇದನ್ನು ಕೇಳಿ. ನಗುವವರು ನಗಲಿ.

ಒಂದು ಎಚ್ಚರಿಕೆ. ನಾವು ಔಷಧದ ವೈರಿಗಳಲ್ಲ. ಸಣ್ಣ ಬೀಳುವಿಕೆಗೇ ಮೂಳೆ ಮುರಿದವರಿಗೆ, ಡೆಕ್ಸಾದಲ್ಲಿ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿರುವವರಿಗೆ ಊಟ-ವ್ಯಾಯಾಮದ ಜತೆ ಔಷಧಿ ಬೇಕಾಗಬಹುದು. ಡಾಕ್ಟರು ಕೊಟ್ಟ ಮಾತ್ರೆಯನ್ನು ಈ ಬರಹ ಓದಿ ಬಿಡಬೇಡಿ. ಕಿಡ್ನಿ ತೊಂದರೆ ಇರುವವರು ಕೇಳದೆ ಕ್ಯಾಲ್ಸಿಯಂ ಮಾತ್ರೆ ನುಂಗಬೇಡಿ. ನಾವು ಕೇಳುತ್ತಿರುವುದು ಔಷಧಿಯ ಹಂತಕ್ಕೆ ಅವಳನ್ನು ದೂಡಿದ್ದು ಏನು ಎಂದು.

ಸರ್ಕಾರ ಕೇಳಿಸಿಕೊಳ್ಳುವ ತನಕ ಕಾಯಬೇಕಿಲ್ಲ. ನಾಳೆ ಬೆಳಿಗ್ಗೆ ಕ್ಯಾನು ಎತ್ತುವ ಮೊದಲು ಎರಡು ಲೋಟ ಹಾಲು ತೆಗೆದಿಡಿ. ಅದನ್ನು ಅಮ್ಮನ ಕೈಗೇ ಕೊಡಿ. "ಬೇಡ ಕಣೋ" ಅನ್ನುತ್ತಾಳೆ. ಕುಡಿಯುವ ತನಕ ಅಲ್ಲೇ ನಿಂತಿರಿ.