ಕತ್ತರಿ ಕೋಣೆಯಿಂದ: ಗುಂಡಿಲ್ಲದ ಗನ್ನು!

ಈ ವಾರ ಗಾಂಧಿನಗರದ ಗುಸುಗುಸು ಇಲ್ಲ. ಯಾವ ನಾಯಕಿ ಯಾವ ನಿರ್ಮಾಪಕರ ಮೇಲೆ ಮುನಿಸಿಕೊಂಡರು ಅನ್ನೋದೂ ಇಲ್ಲ. ಈ ವಾರ ಒಂದು ಗನ್ನಿನ ಕಥೆ. ಖಳನಾಯಕನ ಕೈಲಿರೋ ಗನ್ನಲ್ಲ ಸ್ವಾಮಿ, ಕೈನೋವಿಗೆ ಹಿಡಿಯೋ ಮಸಾಜ್ ಗನ್ನು!

ನಮ್ಮ ಎಡಿಟಿಂಗ್ ರೂಮಿನಲ್ಲಿ ಒಬ್ಬ ಸಹಾಯಕ ಇದ್ದಾನೆ. ಇಪ್ಪತ್ನಾಲ್ಕರ ಹುಡುಗ, ಚುರುಕು ಅಂದರೆ ಚುರುಕು. ಸೆನ್ಸಾರ್‌ಗೆ ಚಿತ್ರ ಕೊಡೋಕೆ ನಾಲ್ಕೇ ದಿನ ಉಳಿದಿತ್ತು. ದಿನಕ್ಕೆ ಹದಿನಾಲ್ಕು ಗಂಟೆ ಮೌಸ್ ಹಿಡಿದು ಕೂತ. ಮುಂಗೈ ಕಲ್ಲಾಯಿತು, ಬೆರಳು ಜೋಮು ಹಿಡಿಯಿತು. ಆನ್‌ಲೈನ್‌ನಲ್ಲಿ ಗನ್ನು ತರಿಸಿದ. ಸ್ಪೀಡು ಪೂರ್ತಿ ಏರಿಸಿ ಮಣಿಕಟ್ಟಿನ ಒಳಭಾಗಕ್ಕೇ ಒತ್ತಿ ಹಿಡಿದ. “ಅಣ್ಣಾ, ನೋವು ಮಾಯ!” ಅಂದ. ಮತ್ತೆ ಮೌಸ್ ಹಿಡಿದ.

ಮೂರನೇ ರಾತ್ರಿ ಅವನ ಕೈಯಿಂದ ಟೀ ಲೋಟ ಜಾರಿ ಬಿತ್ತು. ರೂಮಿನಲ್ಲಿದ್ದವರೆಲ್ಲಾ ನಕ್ಕರು. ನನಗೆ ನಗು ಬರಲಿಲ್ಲ.

ಯಾಕೆ ಅಂತೀರಾ? ನಾನು ಕತ್ತರಿ ಹಿಡಿದದ್ದು ಫಿಲ್ಮಿನ ಕಾಲದಲ್ಲಿ. 1000 ಅಡಿ ರೀಲು ಅಂದರೆ ಸುಮಾರು 11 ನಿಮಿಷದ ಚಿತ್ರ. ಒಂದು ಶಾಟ್ ಬೇಕಾದರೆ ಎದ್ದು ಹೋಗಿ ಡಬ್ಬಾ ತೆಗೆದು, ರೀಲು ಸುತ್ತಿ, ತುಂಡು ಕತ್ತರಿಸಿ ಅಂಟಿಸಬೇಕಿತ್ತು. ಆ ಓಡಾಟವೇ ಕೈಗೆ ವಿಶ್ರಾಂತಿ ಅಂತ ಆಗ ಯಾರಿಗೆ ಗೊತ್ತಿತ್ತು? ಕಂಪ್ಯೂಟರ್ ಬಂದಮೇಲೆ ಕೈ ಕೂತಲ್ಲೇ ಕೂತಿತು. ಬೆರಳು ಮಾತ್ರ ಟಕ್ ಟಕ್ ಟಕ್. ನನಗೂ ಜೋಮು ಬಂತು. ಮುಲಾಮು ಹಚ್ಚಿ ಎರಡು ವರ್ಷ ತಳ್ಳಿದೆ. ಇವತ್ತು ನನ್ನ ಬಲಗೈ ಹೆಬ್ಬೆರಳಿನ ಬುಡದ ಮಾಂಸ ಬತ್ತಿದೆ. ಅಂಗಿಯ ಗುಂಡಿ ಹಾಕೋಕೂ ಎಡಗೈ ಬೇಕು. ನಾನು ಎಡಿಟಿಂಗ್ ಬಿಟ್ಟು ಈ ಅಂಕಣ ಬರೆಯೋದಕ್ಕೆ ಕಾರಣ ಪ್ರತಿಭೆ ಅಂತ ತಿಳಿದಿದ್ದಿರಾ? ಅಲ್ಲ, ಈ ಕೈ!

ಈಗ ಒಂದು ಪರೀಕ್ಷೆ ಮಾಡಿ. ಬಸ್ಸು ಬರೋಕೆ ಇನ್ನೂ ಹೊತ್ತಿದೆ ತಾನೇ? ಎಡಗೈಯಿಂದ ಬಲ ಮುಂಗೈಯನ್ನು ಹಿಡಿದುಕೊಂಡು ಬಲಗೈ ಬೆರಳು ಆಡಿಸಿ. ಮುಂಗೈಯೊಳಗೆ ಏನೋ ಹರಿದಾಡಿದಂತಾಯಿತಾ? ಅದೇ ಗುಟ್ಟು. ಬೆರಳನ್ನು ಬಲವಾಗಿ ಮಡಿಸೋ ಮಾಂಸಖಂಡಗಳು ಬೆರಳಲ್ಲಿಲ್ಲ, ಮುಂಗೈಯಲ್ಲಿವೆ. ಸೂತ್ರದ ಗೊಂಬೆಯಾಟ ನೋಡಿಲ್ಲವೇ? ಗೊಂಬೆ ಕುಣಿಯೋದು ಕೆಳಗೆ, ದಾರ ಎಳೆಯೋನು ಮೇಲೆ. ಇಲ್ಲಿ ದಾರ ಅಂದರೆ ಸ್ನಾಯುರಜ್ಜು. ಅಂಥ ಒಂಬತ್ತು ದಾರಗಳು ಮಣಿಕಟ್ಟಿನ ಒಂದು ಕಿರಿದಾದ ಸುರಂಗದಲ್ಲಿ ನುಗ್ಗಿ ಹೋಗುತ್ತವೆ. ಅವುಗಳ ನಡುವೆ ಪಾಪ, ಒಂದು ನರವೂ ಇದೆ. ಸುರಂಗದೊಳಗೆ ಒತ್ತಡ ಹೆಚ್ಚಾದರೆ ಆ ನರ ಅದುಮಿಕೊಳ್ಳುತ್ತೆ. ಆಗಲೇ ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಜೋಮು. ಡಾಕ್ಟರು ಇದಕ್ಕೆ ಕಾರ್ಪಲ್ ಟನಲ್ ಅಂತಾರೆ.

ಅಂದರೆ ಗನ್ನು ಹಿಡಿಯಬೇಕಾದ ಜಾಗ ಮುಂಗೈ. ನಮ್ಮ ಹುಡುಗ ಹಿಡಿದದ್ದು ಆ ನರದ ನೆತ್ತಿಯ ಮೇಲೆ!

ಹಾಗಾದರೆ ಗನ್ನು ಬರೀ ಮೋಸವೇ? ಅಲ್ಲ. ಇದರ ಹುಟ್ಟೇ ಒಂದು ಸಿನಿಮಾ ಕಥೆ. ಅಮೆರಿಕದ ಜೇಸನ್ ವರ್ಸ್‌ಲ್ಯಾಂಡ್ ಅನ್ನೋ ಕೈರೋಪ್ರಾಕ್ಟರ್ 2007ರಲ್ಲಿ ಬೈಕ್ ಅಪಘಾತದಲ್ಲಿ ಪೆಟ್ಟು ತಿಂದರು. ನೋವು ತಾಳಲಾರದೆ ಕೆಲಸದ ಉಪಕರಣವೊಂದನ್ನು ಬದಲಾಯಿಸಿ ತಮ್ಮ ಮೈಗೇ ಹಿಡಿದುಕೊಂಡರು. ಅದೇ ಮುಂದೆ ಥೆರಾಗನ್ ಆಯಿತು. ನಮ್ಮ ಗರಡಿಮನೆಯ ಉಸ್ತಾದರು ಕೈಯಲ್ಲಿ ಮಾಡ್ತಿದ್ದ ಮಾಲೀಷನ್ನು ಈ ಯಂತ್ರ ನಿಮಿಷಕ್ಕೆ 2000ದ ಆಸುಪಾಸು ಏಟು ಹಾಕಿ ಮಾಡುತ್ತೆ. 2020ರಲ್ಲಿ ಹದಿನಾರು ಗಂಡಸರ ಮೀನಖಂಡಕ್ಕೆ ಐದು ನಿಮಿಷ ಇಂಥ ಗನ್ನು ಹಿಡಿದು ಪರೀಕ್ಷಿಸಿದರು. ಪಾದ ಮಡಿಸೋ ಅಳತೆ ಸುಮಾರು 5 ಡಿಗ್ರಿ ಹೆಚ್ಚಿತು, ಶಕ್ತಿ ಮಾತ್ರ ಹೆಚ್ಚಲೂ ಇಲ್ಲ, ಕಡಿಮೆಯಾಗಲೂ ಇಲ್ಲ. ಬಿಗಿ ಸಡಿಲಿಸುತ್ತೆ, ಅಷ್ಟೇ. ಅದು ಸಂಜೀವಿನಿ ಅಲ್ಲ.

ಕ್ರಮ ಹೀಗೆ: ಮೊದಲು ಕೈಯನ್ನು ಮೇಜಿನ ಮೇಲೆ ಸಡಿಲವಾಗಿ ಇಡಿ. ಗನ್ನಿಗೆ ಮೆತ್ತನೆ ಉಂಡೆಯ ತಲೆ ಹಾಕಿ. ಸ್ಪೀಡು ಎಲ್ಲಕ್ಕಿಂತ ಕಡಿಮೆ. ಮೊಣಕೈ ಕೆಳಗಿನ ದಪ್ಪ ಮಾಂಸದಿಂದ ಶುರುಮಾಡಿ ನಿಧಾನ ಸರಿಸಿ, ಮಣಿಕಟ್ಟಿಗೆ ನಾಲ್ಕು ಬೆರಳು ಇರುವಾಗಲೇ ನಿಲ್ಲಿಸಿ. ಮೇಲ್ಭಾಗಕ್ಕೆ ಒಂದು ನಿಮಿಷ, ಒಳಭಾಗಕ್ಕೆ ಒಂದು ನಿಮಿಷ, ಸಾಕು. ಒತ್ತಬೇಡಿ, ಗನ್ನಿನ ಭಾರವೇ ಸಾಕು. ಅಂಗೈಯಲ್ಲಿ ಹೆಬ್ಬೆರಳ ಬುಡದ ಮಾಂಸಕ್ಕೆ ಹದಿನೈದು ಸೆಕೆಂಡು. ಮೂಳೆ ಮೇಲೆ, ಮಣಿಕಟ್ಟಿನ ಮೇಲೆ, ಮೊಣಕೈಯ ಒಳಮೂಳೆ ಹತ್ತಿರ ಬೇಡವೇ ಬೇಡ. ಅಲ್ಲೂ ಒಂದು ನರ ಇದೆ, ತಗುಲಿದರೆ ಕರೆಂಟು ಹೊಡೆದಂತಾಗುತ್ತಲ್ಲ, ಅದೇ! ಇನ್ನೊಂದು ಮಾತು: ಗನ್ನನ್ನು ನೋವಿರೋ ಕೈಯಲ್ಲಿ ಹಿಡಿಯಬೇಡಿ. 1918ರಲ್ಲೇ ಆಲಿಸ್ ಹ್ಯಾಮಿಲ್ಟನ್ ಅನ್ನೋ ವೈದ್ಯೆ ಅಮೆರಿಕದ ಕಲ್ಲುಕುಟಿಗರ ಕೈ ನೋಡಿ, ಅದುರೋ ಯಂತ್ರ ದಿನವಿಡೀ ಹಿಡಿದರೆ ಬೆರಳು ಬಿಳುಚಿ ಮರಗಟ್ಟುತ್ತೆ ಅಂತ ಬರೆದಿದ್ದರು.

ಊತ, ಗಾಯ, ಮೂಳೆ ಮುರಿತ ಇದ್ದರೆ ಮುಟ್ಟಬೇಡಿ. ರಕ್ತ ತೆಳುವಾಗೋ ಮಾತ್ರೆ ತಿನ್ನೋರು ಡಾಕ್ಟರನ್ನು ಕೇಳದೆ ಹಿಡಿಯಬೇಡಿ. ಸೈಕಲ್ ತುಳಿದ ತೊಡೆನೋವಿಗೆ ಗನ್ನು ಹಿಡಿದ ಯುವತಿಯೊಬ್ಬಳ ಮಾಂಸಖಂಡ ಒಡೆದು ಆಸ್ಪತ್ರೆ ಸೇರಿದ ವರದಿ 2021ರಲ್ಲಿ ವೈದ್ಯ ಪತ್ರಿಕೆಯಲ್ಲೇ ಬಂದಿದೆ. ಅಪರೂಪ, ಆದರೂ ಹುಡುಗಾಟ ಬೇಡ.

ರಾತ್ರಿ ಜೋಮು ಹಿಡಿದು ಎಚ್ಚರವಾಗುತ್ತಾ? ಕೈಯಿಂದ ವಸ್ತು ಜಾರುತ್ತಾ? ಹಾಗಿದ್ದರೆ ಗನ್ನು ಪಕ್ಕಕ್ಕಿಡಿ, ಮೂಳೆ ಡಾಕ್ಟರ ಹತ್ತಿರ ಓಡಿ. ನೋವು ಅನ್ನೋದು ಥಿಯೇಟರಿನ ಬೆಲ್ಲು ಇದ್ದಂತೆ. ಬೆಲ್ಲಿನ ಬಾಯಿ ಮುಚ್ಚಿದರೆ ಷೋ ನಿಲ್ಲೋಲ್ಲ!

ನಮ್ಮ ಹುಡುಗನನ್ನು ಮಾರನೇ ಬೆಳಿಗ್ಗೆ ನಾನೇ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. “ಅಣ್ಣಾ, ಸೆನ್ಸಾರು...” ಅಂದ. “ಸೆನ್ಸಾರು ಇನ್ನೊಂದು ಬರುತ್ತೆ ಕಣೋ, ಕೈ ಬರೋಲ್ಲ” ಅಂದೆ. ರಾತ್ರಿ ಮಲಗುವಾಗ ಮಣಿಕಟ್ಟು ನೆಟ್ಟಗಿಡೋ ಪಟ್ಟಿ ಕೊಟ್ಟರು. ಅರ್ಧ ಗಂಟೆಗೊಮ್ಮೆ ಎದ್ದು ಕೈ ಆಡಿಸು ಅಂದರು. ಉಳಿದ ಕತ್ತರಿ ಕೆಲಸ ಇನ್ನೊಬ್ಬ ಮುಗಿಸಿದ, ಚಿತ್ರವೂ ಬಿಡುಗಡೆ ಆಯಿತು. ಎರಡು ತಿಂಗಳಾದ ಮೇಲೆ ಮೊನ್ನೆ ಹುಡುಗ ನನಗೆ ಟೀ ತಂದುಕೊಟ್ಟ, ಬಲಗೈಯಲ್ಲೇ. ನಾನು ಲೋಟ ತಗೊಂಡೆ, ಎಡಗೈಯಲ್ಲಿ.

ಬೈಕ್ ಓಡಿಸೋರೇ, ಮೊಬೈಲ್ ಉಜ್ಜೋರೇ, ರೀಲ್ಸ್ ಕತ್ತರಿಸೋರೇ, ನಿಮ್ಮ ಕೈ ಜೋಪಾನ. ನೆಚ್ಚಿನ ನಟನಿಗೆ ಶಿಳ್ಳೆಯ ಜೊತೆ ಚಪ್ಪಾಳೆಗೂ ಅದೇ ಬೇಕು!

ಮುಂದಿನ ವಾರ ಮತ್ತೆ ಗುಸುಗುಸು.